ಬಡ್ಡಿ ಕೊಡುವವರು ಯಾರು?

ಏಜೆಂಟ್ ಎಂಬ ಶಬ್ದಕ್ಕೆ ನಮ್ಮ ಕರಾವಳಿಯಲ್ಲಿ ದೊಡ್ಡ ಚರಿತ್ರೆಯುಂಟು. ಇಂಪೀರಿಯಲ್ ಬ್ಯಾಂಕಿನ ಕಾಲದಲ್ಲಿ ಶಾಖೆಯ ಮುಖ್ಯಸ್ಥನೇ ಏಜೆಂಟ್. ಅವನು ಎದುರಿಗೆ ಬಂದರೆ ಜನ ಹೆಗಲ ಮೇಲಿನ ಬೈರಾಸು ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅನಂತರ ಆ ಪದವಿ ಮೆಲ್ಲಮೆಲ್ಲನೆ ಮೆಟ್ಟಿಲಿಳಿಯಿತು. ವಿಮೆಯ ಏಜೆಂಟರು ಬಂದರು. ಬಸ್ ನಿಲ್ದಾಣದಲ್ಲಿ ನಿಂತು ‘ಕುಂದಾಪುರ, ಕುಂದಾಪುರ’ ಎಂದು ಕೂಗುವ ಬಸ್ ಏಜೆಂಟರು ಬಂದರು. ಸೈಕಲ್ಲಿನ ಹ್ಯಾಂಡಲಿಗೆ ಚೀಲ ತೂಗುಹಾಕಿಕೊಂಡು ಮನೆಮನೆಗೆ ಹೋಗುವ ಪಿಗ್ಮಿ ಏಜೆಂಟರು ಬಂದರು. ಈಗ ಇನ್ನೊಂದು ಬಗೆಯ ಏಜೆಂಟರು ಹುಟ್ಟಿಕೊಂಡಿದ್ದಾರೆ. ಅವರಿಗೆ ಕಾಲಿಲ್ಲ, ಚೀಲವಿಲ್ಲ, ಆಷಾಢದ ಮಳೆಗೂ ಕೊಡೆ ಬೇಡ. ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗಳು ಇಂಥ ಏಜೆಂಟರಿಗೆ ಪಾಠ ಹೇಳುವ ಕೆಲಸದಲ್ಲಿದ್ದಾಳೆ.

ಮೊದಲ ಸಲ ಅವಳು ಫೋನಿನಲ್ಲಿ ಈ ಸಂಗತಿ ತಿಳಿಸಿದಾಗ, “ಯಾವ ಬ್ಯಾಂಕಿನ ಏಜೆಂಟರು ಮಗಾ?” ಎಂದು ಕೇಳಿದೆ.

“ಬ್ಯಾಂಕೇ ಇಲ್ಲ, ಅಜ್ಜಯ್ಯ.”

“ಬ್ಯಾಂಕಿಲ್ಲದ ಮೇಲೆ ಹಣ ಕಟ್ಟುವುದು ಯಾರಲ್ಲಿ?”

“ಪ್ರೋಗ್ರಾಮಿನಲ್ಲಿ.”

“ಏಜೆಂಟರಾದರೂ ಮನುಷ್ಯರು ತಾನೆ?”

“ಅವರೂ ಪ್ರೋಗ್ರಾಮೇ.”

36 ವರ್ಷ ಬ್ಯಾಂಕಿನ ಮೇಜಿನ ಹಿಂದೆ ಕುಳಿತು ನಿವೃತ್ತನಾಗಿ, ತೆಕ್ಕಟ್ಟೆಯ ಮನೆಯ ಜಗಲಿಯಲ್ಲಿ ಹೆದ್ದಾರಿಯ ಸದ್ದು ಒಂದು ಕಿವಿಯಲ್ಲೂ ಕಡಲ ಸದ್ದು ಇನ್ನೊಂದು ಕಿವಿಯಲ್ಲೂ ಕೇಳುತ್ತ ಕಾಲ ಕಳೆಯುವ ನನ್ನಂಥವನಿಗೆ ಇದು ತುಸು ಗಡುಸಾದ ತುತ್ತು. ಆದರೂ ಕಳೆದ ಒಂದು ವರ್ಷದಿಂದ ಭಾನುವಾರದ ಸಂಜೆಗಳಲ್ಲಿ ಅವಳು ಹೇಳುತ್ತ ನಾನು ಕೇಳುತ್ತ, ಕೆಲವೊಮ್ಮೆ ನಾನು ಹೇಳುತ್ತ ಅವಳು ಬರೆದುಕೊಳ್ಳುತ್ತ, ಈ ವಿಷಯ ನಮ್ಮಿಬ್ಬರ ನಡುವೆ ಬೆಳೆದಿದೆ. ಪೇಟೆಯ ಓದುಗರಲ್ಲಿ ಅನೇಕರ ಮಕ್ಕಳು ಈ ವ್ಯವಹಾರದ ಹತ್ತಿರ ಸುಳಿಯುತ್ತಿರುವುದರಿಂದ ನಾಲ್ಕು ಮಾತು ಬರೆಯಬಹುದೆನಿಸಿತು.

ಸಂಗತಿ ಹೀಗಿದೆ. ಎಥೀರಿಯಂ ಎಂಬುದೊಂದು ಖಾತೆಪುಸ್ತಕ, 2015ರಲ್ಲಿ ಆರಂಭವಾದದ್ದು. ಇದನ್ನು ಒಬ್ಬ ಶ್ಯಾನುಭೋಗ ಬರೆಯುವುದಿಲ್ಲ. ಲೋಕದ ನಾನಾ ಕಡೆ ಇರುವ ಸಾವಿರಾರು ಕಂಪ್ಯೂಟರುಗಳು ಒಂದೇ ಲೆಕ್ಕವನ್ನು ಒಟ್ಟಿಗೆ ಬರೆದಿಡುತ್ತವೆ. ಒಂದು ಕಡೆ ತಿದ್ದಿದರೆ ಉಳಿದವು ಒಪ್ಪುವುದಿಲ್ಲ. ಈ ಪುಸ್ತಕದ ಮೇಲೆ ಕರಾರುಗಳನ್ನೂ ಪ್ರೋಗ್ರಾಮಿನ ರೂಪದಲ್ಲಿ ಬರೆದಿಡಬಹುದು. ‘ಇಷ್ಟು ಅಡವಿಟ್ಟವನಿಗೆ ಅಷ್ಟು ಸಾಲ, ಅಡವಿನ ಬೆಲೆ ಇಂಥ ಮಟ್ಟಕ್ಕಿಳಿದರೆ ಹರಾಜು’ ಎಂದು ಬರೆದಿಟ್ಟರೆ, ಮ್ಯಾನೇಜರನ ರುಜುವಿಗೆ ಕಾಯದೆ ಅದು ತಾನಾಗಿ ನಡೆಯುತ್ತದೆ. ಇಂಥ ಕರಾರುಗಳ ಕಟ್ಟಿಗೆ ಪ್ರೊಟೊಕಾಲ್ ಎಂದು ಹೆಸರು. ಈ ವ್ಯವಹಾರಕ್ಕೆಲ್ಲ ಸೇರಿ ವಿಕೇಂದ್ರಿತ ಹಣಕಾಸು, ಹುಡುಗರ ಬಾಯಲ್ಲಿ ಡಿಫೈ. 2018ರಲ್ಲಿ ಬಂದ ಕಾಂಪೌಂಡ್, 2020ರಲ್ಲಿ ಬಂದ ಆವೆ ಇವು ಠೇವಣಿ-ಸಾಲದ ದೊಡ್ಡ ಮನೆತನಗಳು. ಆವೆ ಎಂದರೆ ಫಿನ್ನಿಷ್ ಭಾಷೆಯಲ್ಲಿ ಭೂತ. ಹೆಸರು ಕೇಳಿ ನನಗೆ ವಿಶ್ವಾಸವೇ ಹುಟ್ಟಿತು. ನಮ್ಮ ಕಡೆ ಭೂತವೆಂದರೆ ಹೆದರಿಸುವವನಷ್ಟೇ ಅಲ್ಲ, ತಪ್ಪಿ ನಡೆದವರಿಗೆ ನ್ಯಾಯ ಹೇಳುವವನೂ ಹೌದು.

ಈ ಮನೆತನಗಳಲ್ಲಿ ಹಣವಿಟ್ಟರೆ ಬರುವ ಪ್ರತಿಫಲಕ್ಕೆ ಅವರು ‘ಯೀಲ್ಡ್’ ಎನ್ನುತ್ತಾರೆ. ಹೆಚ್ಚು ಕೊಡುವ ಕಡೆಗೆ ಹಣವನ್ನು ಹೊತ್ತು ಓಡಾಡುವುದಕ್ಕೆ ‘ಯೀಲ್ಡ್ ಫಾರ್ಮಿಂಗ್’, ಎಂದರೆ ಇಳುವರಿಯ ಬೇಸಾಯ. ನಮಗೆ ಇಳುವರಿ ಎಂದರೆ ಗದ್ದೆಯಲ್ಲಿ ಕಂಡದ್ದು. ನನ್ನ ಬಾಲ್ಯದಲ್ಲಿ ಅಂಗಳಕ್ಕೆ ಗೇಣಿಯ ಅಕ್ಕಿಮುಡಿ ಬಂದು ಬೀಳುತ್ತಿತ್ತು. ಅದನ್ನು ಹೊತ್ತು ತಂದ ಒಕ್ಕಲಿನವನ ಬೆವರು ಮುಡಿಯ ಬೈಹುಲ್ಲಿಗೆ ಅಂಟಿರುತ್ತಿತ್ತು. ಆ ವ್ಯವಸ್ಥೆ ನ್ಯಾಯವಾಗಿತ್ತೆಂದು ನಾನು ಹೇಳುತ್ತಿಲ್ಲ. 1974ರ ಭೂಸುಧಾರಣೆ ಅದನ್ನು ತೆಗೆದುಹಾಕಿದ್ದು ಸರಿಯೇ. ಆದರೆ ಒಂದು ಮಾತು: ಪ್ರತಿಫಲ ಎಲ್ಲಿಂದ ಬಂತು, ಕೊಟ್ಟವರು ಯಾರು ಎಂಬುದು ಅಂಗಳದಲ್ಲಿದ್ದ ಮಗುವಿಗೂ ಗೊತ್ತಿತ್ತು.

ಮೊಮ್ಮಗಳ ಕಂಪೆನಿಯ ಯಂತ್ರಬುದ್ಧಿಯ ಏಜೆಂಟನ ಕೆಲಸವೆಂದರೆ, ಗಿರಾಕಿ ‘ನನ್ನ ಹಣವನ್ನು ಎಲ್ಲಿಡಲಿ?’ ಎಂದು ಕೇಳಿದಾಗ ನೂರಾರು ಪ್ರೊಟೊಕಾಲುಗಳನ್ನು ಜಾಲಾಡಿ ಉತ್ತರ ಹೇಳುವುದು. ಒಪ್ಪಿಗೆ ಕೊಟ್ಟರೆ ತಾನೇ ಕೊಂಡೊಯ್ದು ಕಟ್ಟಿಬರುವುದು. ಅದು ಅರ್ಥಮಾಡಿಕೊಳ್ಳುವಂತೆ ಪ್ರತಿ ಪ್ರೊಟೊಕಾಲಿಗೂ ಒಂದೊಂದು ಪುಟ ವಿವರಣೆ ಬರೆಯುವುದು ಇವಳ ಕೆಲಸ. ಯಂತ್ರ ಆ ಪುಟವನ್ನು ಓದಿಕೊಂಡೇ ಮುಂದಕ್ಕೆ ಹೆಜ್ಜೆಯಿಡುತ್ತದೆ. ಅವಳ ಮೊದಲಿನ ಪುಟಗಳನ್ನು ನೋಡಿದೆ. ಹೆಸರು, ವಿಳಾಸ, ಯಾವ ನಾಣ್ಯ, ಒಟ್ಟು ಠೇವಣಿ ಎಷ್ಟು, ವಾರ್ಷಿಕ ಪ್ರತಿಫಲ ನೂರಕ್ಕೆ ಎಷ್ಟು ಎಲ್ಲ ಇತ್ತು. ಪಾಸ್‌ಬುಕ್ಕಿನ ಹಾಗೆ ಅಚ್ಚುಕಟ್ಟು.

“ಬಡ್ಡಿ ಕೊಡುವವರು ಯಾರೆಂದು ಬರೆದಿಲ್ಲವಲ್ಲ?” ಎಂದೆ.

“ಪ್ರೊಟೊಕಾಲ್ ಕೊಡುತ್ತದೆ, ಅಜ್ಜಯ್ಯ.”

“ಅದಕ್ಕೆ ಯಾರು ಕೊಡುತ್ತಾರೆ?”

ಅಲ್ಲಿಂದ ನಮ್ಮ ಪಾಠ ಆರಂಭವಾಯಿತು.

ಈ ಪ್ರಶ್ನೆ ನನ್ನ ಸ್ವಂತದ್ದಲ್ಲ. ನನ್ನ ಸೋದರತ್ತೆಯದು. ಅತ್ತೆಗೆ ಮಕ್ಕಳಿರಲಿಲ್ಲ. 1990ರ ದಶಕದಲ್ಲಿ ತನ್ನ ಪಾಲಿಗೆ ಬಂದ ಗದ್ದೆ ಮಾರಿದಾಗ ಕೈಗೆ ಬಂದ 60,000 ರೂಪಾಯಿಯನ್ನು ಹತ್ತಿರದ ಪೇಟೆಯ ಒಂದು ಫೈನಾನ್ಸ್ ಕಂಪೆನಿಯಲ್ಲಿಟ್ಟಳು. ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಪೇಟೆಯವರಿಗಾಗಿ ಬಿಡಿಸಿ ಹೇಳಬೇಕು: ಮೂರು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ 36. ನಾನಾಗ ಹುಬ್ಬಳ್ಳಿಯ ಕಡೆ ವರ್ಗವಾಗಿದ್ದೆ. ಸುದ್ದಿ ತಿಳಿದದ್ದು ಎಲ್ಲ ಮುಗಿದ ಮೇಲೆ. ತಿಂಗಳ ಮೊದಲ ವಾರದಲ್ಲಿ 1,800 ರೂಪಾಯಿ ತಪ್ಪದೆ ಬಂತು, 14 ತಿಂಗಳು. ಹದಿನೈದನೆಯ ತಿಂಗಳು ಹೋದರೆ ಬಾಗಿಲಿಗೆ ಬೀಗ. ಅತ್ತೆ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ನಾನು ಊರಿಗೆ ಬಂದಾಗ ಪೆಟ್ಟಿಗೆಯಲ್ಲಿ ಪಟ್ಟೆಸೀರೆಯ ಅಡಿಯಲ್ಲಿ ಮಡಿಸಿಟ್ಟಿದ್ದ ರಸೀದಿಗಳನ್ನು ತೆಗೆದು ಮುಂದಿಟ್ಟು ಕೇಳಿದಳು: “ಹಂಗಾರೆ ಅಷ್ಟ್ ದಿನ ಬಡ್ಡಿ ಕೊಟ್ಟದ್ದ್ ಯಾರ್ ಮಗಾ?”

ನಾನು ಲೆಕ್ಕ ಮಾಡಿದೆ. 14 ತಿಂಗಳಿಗೆ 25,200 ರೂಪಾಯಿ. ಅದು ಅವಳದೇ 60,000ದಿಂದ ತೆಗೆದು ಅವಳಿಗೇ ಕೊಟ್ಟದ್ದು. ಅಥವಾ ಅವಳ ನಂತರ ಬಂದ ಇನ್ನೊಬ್ಬಳ ಗದ್ದೆಯ ಹಣದಿಂದ ತೆಗೆದದ್ದು. ಕಂಪೆನಿಯವರು ಸಾಲ ಕೊಟ್ಟು ಗಳಿಸಿದ್ದು ಅದರಲ್ಲಿ ಎಷ್ಟಿತ್ತೋ, ಇರಲೇ ಇಲ್ಲವೋ, ಪುಸ್ತಕ ನೋಡಿದವರಿಲ್ಲ. “ನೀವೇ ಅತ್ತೆ” ಎಂದು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾನು ಅದನ್ನು ಖರ್ಚು ಮಾಡಬಾರದಾಗಿತ್ತು” ಎಂದಳು. ಆ 1,800ರಲ್ಲಿ ಅವಳು ತೆಗೆದುಕೊಂಡದ್ದೆಂದರೆ ಔಷಧಿ, ಮತ್ತು ಆನೆಗುಡ್ಡೆ ವಿನಾಯಕನಿಗೆ ಒಂದು ಪಂಚಕಜ್ಜಾಯ ಸೇವೆ.

ಓದು ಬರಹ ಬಾರದ ಅತ್ತೆ ಕೇಳಿದ ಪ್ರಶ್ನೆಯನ್ನು ಓದು ಬರಹವಲ್ಲದೆ ಬೇರೇನೂ ಬಾರದ ಯಂತ್ರಕ್ಕೆ ಕಲಿಸುವುದು ಹೇಗೆ?

ಮೊದಲು ನೇರವಾದ ಲೆಕ್ಕ. ಒಂದು ಕೊಳದಲ್ಲಿ 100 ರೂಪಾಯಿ ಠೇವಣಿ ಇದೆಯೆನ್ನಿ. (ಈ ಪ್ರೊಟೊಕಾಲುಗಳ ಹಣದ ರಾಶಿಗೆ ಅವರೂ ‘ಪೂಲ್’ ಎಂದೇ ಹೇಳುತ್ತಾರೆ.) ಅದರಲ್ಲಿ 80 ಸಾಲಕ್ಕೆ ಹೋಗಿದೆ, ಸಾಲದ ಬಡ್ಡಿ ವರ್ಷಕ್ಕೆ ನೂರಕ್ಕೆ 5. ಆಗ ಬರುವ ಬಡ್ಡಿ 4 ರೂಪಾಯಿ. ಅದನ್ನು 100 ರೂಪಾಯಿ ಇಟ್ಟವರಿಗೆ ಹಂಚಿದರೆ ನೂರಕ್ಕೆ 4. ಪ್ರೊಟೊಕಾಲ್ ತನ್ನ ಪಾಲು ತೆಗೆದಿಟ್ಟರೆ ಇನ್ನೂ ಕಡಮೆ. ಕೊಳದಲ್ಲಿ ಉಳಿದ ಹಣ ಕಡಮೆಯಾದಂತೆ ಸಾಲದ ಬಡ್ಡಿ ತಾನಾಗಿ ಏರುತ್ತದೆ. ಸಾಲಗಾರರು ತೀರಿಸಲಿ, ಹೊಸ ಠೇವಣಿದಾರರು ಬರಲಿ ಎಂದು. ನಮ್ಮ ಬ್ಯಾಂಕಿನಲ್ಲಿ ಮೇಲಿನ ಕಛೇರಿಯ ಸುತ್ತೋಲೆ ಬರಲು ಮೂರು ತಿಂಗಳು ಹಿಡಿಯುತ್ತಿದ್ದ ಕೆಲಸ ಇಲ್ಲಿ ಕ್ಷಣದಲ್ಲಿ ನಡೆಯುತ್ತದೆ. ಇದನ್ನು ನಾನು ಮನಸಾರೆ ಮೆಚ್ಚಿದೆ. ಆದರೆ ಮುಖ್ಯವಾದ ಮಾತು ಇದು: ಸಾಲಗಾರನ ಬಡ್ಡಿಯೊಂದೇ ಆದಾಯವಾದಲ್ಲಿ, ಇಟ್ಟವನಿಗೆ ಸಿಗುವುದು ಸಾಲ ಪಡೆದವನು ಕೊಡುವುದಕ್ಕಿಂತ ಕಡಮೆಯೇ ಇರಬೇಕು. ಹೆಚ್ಚಾಗಿದ್ದರೆ ಮೂರನೆಯವನೊಬ್ಬ ಕೊಡುತ್ತಿದ್ದಾನೆ. ಅವನು ಯಾರು, ಎಷ್ಟು ದಿನ ಕೊಟ್ಟಾನು ಎಂದು ಹುಡುಕಬೇಕು.

ನಮ್ಮೂರಿನ ಚೀಟಿಯಲ್ಲಿ ಇದು ಎಷ್ಟು ಸ್ಪಷ್ಟ! 20 ಜನ ಸೇರಿ ತಿಂಗಳಿಗೆ 500ರಂತೆ ಹಾಕಿದರೆ 10,000. ಮಗಳ ಮದುವೆಯ ತುರ್ತಿನವನೊಬ್ಬ ಹರಾಜಿನಲ್ಲಿ 2,000 ಬಿಟ್ಟುಕೊಟ್ಟು 8,000ಕ್ಕೆ ಎತ್ತುತ್ತಾನೆ. ಆ 2,000 ಚೀಟಿ ನಡೆಸುವವನ ಕಮಿಷನ್ ಕಳೆದು ಎಲ್ಲರಿಗೂ ಹಂಚಿಹೋಗುತ್ತದೆ. ಲಾಭ ಬಂತೆಂದು ಸಂತೋಷಪಡುವವನಿಗೆ ಆ ಲಾಭ ಯಾರ ಮದುವೆಯ ಚಪ್ಪರದಿಂದ ಬಂತೆಂದು ಗೊತ್ತು. ಅದೇ ಚಪ್ಪರದಲ್ಲಿ ಕೂತು ಊಟ ಮಾಡಿ ಬಂದಿರುತ್ತಾನೆ.

ಹೀಗೆ ನಾವು ಕೂತು ಪುಟಗಳಿಗೆ ಒಂದು ಹೊಸ ಕಾಲಮ್ಮು ಸೇರಿಸಿದೆವು. ಬಡ್ಡಿ ಕೊಡುವವರು ಯಾರು? ಕೆಲವದಕ್ಕೆ ಉತ್ತರ ಸುಲಭ. ಎಥೀರಿಯಂನ ಪುಸ್ತಕಕ್ಕೆ ಕಾವಲಿರುವವರು ಒಂದಿಷ್ಟು ನಾಣ್ಯ ಪಣಕ್ಕಿಟ್ಟು ಸಂಬಳ ಪಡೆಯುತ್ತಾರೆ. 2022ರ ಸೆಪ್ಟೆಂಬರಿನಿಂದ ವ್ಯವಸ್ಥೆ ಈ ರೀತಿಯದು. ಅದು ಕಾವಲುಗಾರನ ಕೂಲಿ. ಇನ್ನು 2018ರಲ್ಲಿ ಬಂದ ಯುನಿಸ್ವಾಪಿನಂಥ ವಿನಿಮಯದ ಕಟ್ಟೆಗಳು. ಅಲ್ಲಿ ಎರಡು ಬಗೆಯ ನಾಣ್ಯ ಜೋಡಿಸಿಟ್ಟರೆ, ಬದಲಾಯಿಸಿಕೊಳ್ಳಲು ಬರುವವರು ಕೊಡುವ ಶುಲ್ಕ ನಿಮ್ಮದು. ಮೊದಲಿಗೆ ಅದು ನೂರಕ್ಕೆ 30 ಪೈಸೆಯಷ್ಟಿತ್ತು. ಇದು ಅಂಗಡಿಯ ವ್ಯಾಪಾರ. ಆದರೆ ಅದರಲ್ಲೊಂದು ಸೂಕ್ಷ್ಮವಿದೆ, ಯಂತ್ರ ಅಲ್ಲಿ ಎಡವುತ್ತಿತ್ತು. ಅಂಗಡಿಯಲ್ಲಿ ಸರಿಬೆಲೆಯ ಅಕ್ಕಿಯನ್ನೂ ತೆಂಗಿನಕಾಯಿಯನ್ನೂ ಇಟ್ಟಿದ್ದೀರಿ. ಒಂದನ್ನು ಕೊಟ್ಟು ಇನ್ನೊಂದನ್ನು ಯಾರು ಬೇಕಾದರೂ ಒಯ್ಯಬಹುದು. ಪೇಟೆಯಲ್ಲಿ ಕಾಯಿಯ ಬೆಲೆ ಏರಿತೆನ್ನಿ. ಜನ ಅಕ್ಕಿ ತಂದು ಸುರಿದು ಕಾಯಿ ಹೊತ್ತುಕೊಂಡು ಹೋಗುತ್ತಾರೆ. ಸಂಜೆಗೆ ಶುಲ್ಕವೇನೋ ಡಬ್ಬಿಯಲ್ಲಿದೆ. ಆದರೆ ಅಂಗಡಿಯೇ ಇಡದೆ ಕಾಯಿಯನ್ನು ಅಟ್ಟದಲ್ಲೇ ಇಟ್ಟಿದ್ದರೆ ಅದಕ್ಕಿಂತ ಹೆಚ್ಚಾಗುತ್ತಿತ್ತೋ ಏನೋ. ಯಂತ್ರ ಶುಲ್ಕವನ್ನು ಮಾತ್ರ ಎಣಿಸಿ ‘ಉತ್ತಮ ಪ್ರತಿಫಲ’ ಎನ್ನುತ್ತಿತ್ತು. ಅಟ್ಟದ ಕಾಯಿಯ ಲೆಕ್ಕವನ್ನೂ ಹಾಕು ಎಂದು ಮೊಮ್ಮಗಳು ಬರೆದಿಟ್ಟಳು.

ಕೆಲವು ಕಡೆ ಪ್ರತಿಫಲ ಕೊಡುವುದು ಕೂಪನಿನಲ್ಲಿ. 2020ರ ಜೂನ್‌ನಲ್ಲಿ ಕಾಂಪೌಂಡ್ ತನ್ನದೇ ನಾಣ್ಯವನ್ನು ಠೇವಣಿದಾರರಿಗೂ ಸಾಲಗಾರರಿಗೂ ಹಂಚತೊಡಗಿದಾಗ ಇಳುವರಿಯ ಬೇಸಾಯಕ್ಕೆ ಕಟ್ಟೆಯೊಡೆದಂತಾಯಿತು. ಅನಂತರ ಬಂದ ಎಷ್ಟೋ ಪ್ರೊಟೊಕಾಲುಗಳು ಇದೇ ದಾರಿ ಹಿಡಿದವು. ಕೂಪನಿಗೆ ಇವತ್ತು ಪೇಟೆಯಲ್ಲಿ ಬೆಲೆಯುಂಟು ನಿಜ. ಬೆಲೆ ಇರುವುದು ಅದನ್ನು ಕೊಳ್ಳುವವರಿರುವವರೆಗೆ. ಎಲ್ಲರೂ ಮಾರಲು ಹೊರಟ ದಿನ ಅದು ಬರಿಯ ಕೂಪನು.

ಲೆಕ್ಕದಲ್ಲಿ ಇನ್ನೊಂದು ಮಾಯೆ, ದಿನದ ದರವನ್ನು ವರ್ಷಕ್ಕೆ ಉಬ್ಬಿಸುವುದು. ಒಂದು ದಿನ ಯಾವುದೋ ಕಾರಣಕ್ಕೆ ನೂರಕ್ಕೆ ಹತ್ತು ಪೈಸೆ ಬಂತೆನ್ನಿ. ಅದನ್ನು 365ರಿಂದ ಗುಣಿಸಿದರೆ 36.5. ಚಕ್ರಬಡ್ಡಿ ಹಾಕಿದರೆ 44. ಪರದೆಯ ಮೇಲೆ ‘ನೂರಕ್ಕೆ 44’ ಎಂದು ಹೊಳೆಯುತ್ತದೆ. ಕಡಲಿಗಿಳಿದ ಮೊದಲ ದಿನ ಬಲೆಗೆ ಸಿಕ್ಕ ಬಂಗುಡೆಯನ್ನು 365ರಿಂದ ಗುಣಿಸಿ ದೋಣಿ ಕೊಳ್ಳುವ ಮೀನುಗಾರನನ್ನು ನಾನು ಈ ತೀರದಲ್ಲಿ ಕಂಡಿಲ್ಲ.

ಈಗ ಪರೀಕ್ಷೆಯ ಸಂಗತಿ ಹೇಳುತ್ತೇನೆ. ಕಳೆದ ದೀಪಾವಳಿಗೆ ಮೊಮ್ಮಗಳು ಊರಿಗೆ ಬಂದಿದ್ದಳು. ಆಂಕರ್ ಎಂಬುದೊಂದು ಪ್ರೊಟೊಕಾಲ್ ಇತ್ತು. 2021ರ ಮಾರ್ಚಿನಲ್ಲಿ ಆರಂಭವಾಗಿ, ಟೆರಾಯುಎಸ್‌ಡಿ ಎಂಬ ನಾಣ್ಯವನ್ನು ಇಟ್ಟವರಿಗೆ ವರ್ಷಕ್ಕೆ ಹೆಚ್ಚುಕಡಮೆ ನೂರಕ್ಕೆ 20 ಕೊಡುತ್ತಿತ್ತು. ಆ ನಾಣ್ಯ ಯಾವಾಗಲೂ ಒಂದು ಡಾಲರಿಗೆ ಸಮವಾಗಿರುತ್ತದೆಂಬುದು ಅದನ್ನು ಹೊರಡಿಸಿದವರ ಮಾತು. ಸಾಲಗಾರರಿಂದ ಬರುವ ಆದಾಯ ಸಾಲದೆ, ಮೀಸಲು ನಿಧಿಯಿಂದ ತುಂಬಿಸಿ ಕೊಡುತ್ತಿದ್ದರು. ನಿಧಿ ಬರಿದಾಗುತ್ತ ಬಂದು, 2022ರ ಫೆಬ್ರವರಿಯಲ್ಲಿ ಹೊರಗಿನಿಂದ ಸುಮಾರು 45 ಕೋಟಿ ಡಾಲರ್ ಸುರಿಯಬೇಕಾಯಿತು. ಮೇ ತಿಂಗಳಲ್ಲಿ ಆ ನಾಣ್ಯ ಡಾಲರಿನ ಕೈಬಿಟ್ಟು ಕುಸಿಯಿತು. ಅದರ ಜೊತೆಯ ಲೂನಾ ನಾಣ್ಯವೂ ಸೇರಿ ಸುಮಾರು 4,000 ಕೋಟಿ ಡಾಲರಿನ ಬೆಲೆ ಕೆಲವೇ ದಿನಗಳಲ್ಲಿ ಕರಗಿತು. ಅದನ್ನು ಕಟ್ಟಿದ ದಕ್ಷಿಣ ಕೊರಿಯದ ಡೊ ಕ್ವಾನ್ 2025ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ವಂಚನೆಯ ತಪ್ಪನ್ನು ಒಪ್ಪಿಕೊಂಡದ್ದಾಯಿತು.

ಮೊಮ್ಮಗಳು 2022ರ ಏಪ್ರಿಲಿನ ಆ ಲೆಕ್ಕವನ್ನು ತೆಗೆದು, ಹೆಸರು, ತಾರೀಖು ಎರಡನ್ನೂ ಒರೆಸಿ, ನಾಲ್ಕಾರು ಸಾಧಾರಣ ಪ್ರೊಟೊಕಾಲುಗಳ ಜೊತೆ ಸೇರಿಸಿ ಯಂತ್ರದ ಮುಂದಿಟ್ಟಳು. ಹೆಸರು ಕಂಡರೆ ಅದಕ್ಕೆ ಮುಂದಿನ ಕಥೆ ಗೊತ್ತು. ಉತ್ತರಪತ್ರಿಕೆ ಮೊದಲೇ ನೋಡಿದ ಹುಡುಗನ ಪರೀಕ್ಷೆಯಾದೀತು. ಮೊದಲು ಹಳೆಯ ಪುಟಗಳನ್ನು ಓದಿಸಿ, ‘ಒಬ್ಬ ವಿಧವೆಯ ಹಣ, ಎಲ್ಲಿಡಲಿ?’ ಎಂದು ಕೇಳಿದಳು. ಯಂತ್ರ ಬಹು ನಯವಾದ ಇಂಗ್ಲಿಷಿನಲ್ಲಿ, ನೂರಕ್ಕೆ 20 ಕೊಡುವ ಕಡೆ ಅರ್ಧಕ್ಕಿಂತ ಹೆಚ್ಚು ಇಡಬಹುದು, ನಾಣ್ಯವು ಡಾಲರಿಗೆ ಸಮನಾದ್ದರಿಂದ ಅಪಾಯ ಕಡಮೆ ಎಂದಿತು. ನನ್ನ ಎದೆ ಧಸಕ್ಕೆಂದಿತು. ಆ ದನಿ ನನಗೆ ಪರಿಚಿತವಾಗಿತ್ತು. ಅತ್ತೆಯ ಜಗಲಿಯಲ್ಲಿ ಚಾ ಕುಡಿಯುತ್ತ ಕೂತು ಆ ಫೈನಾನ್ಸಿನ ಹುಡುಗ ಮಾತಾಡಿದ್ದು ಇದೇ ನಯದಲ್ಲಿ ಎಂದು ಅತ್ತೆ ಹೇಳಿದ್ದಳು. ವ್ಯತ್ಯಾಸವೆಂದರೆ, ಆ ಹುಡುಗನಿಗೆ ಸುಳ್ಳೆಂದು ಗೊತ್ತಿದ್ದಿರಬಹುದು. ಯಂತ್ರಕ್ಕೆ ಅದೂ ಗೊತ್ತಿಲ್ಲ.

ಅನಂತರ ಹೊಸ ಕಾಲಮ್ಮಿನ ಪುಟಗಳನ್ನು ಓದಿಸಿದಳು. ಲೆಕ್ಕ ಅದೇ, ಪ್ರಶ್ನೆಗಳು ಮಾತ್ರ ಹೊಸವು. ಸಾಲಗಾರರಿಂದ ಬಂದದ್ದೆಷ್ಟು? ಠೇವಣಿದಾರರಿಗೆ ಕೊಟ್ಟದ್ದೆಷ್ಟು? ಕೊರತೆ ತುಂಬಿದವರು ಯಾರು? ಅವರಲ್ಲಿ ಉಳಿದಿರುವುದು ಎಷ್ಟು ದಿನಕ್ಕೆ ಸಾಕು? ಈ ಸಲ ಯಂತ್ರ ತುಸು ಹೊತ್ತು ತಡೆಯಿತು. ಆಮೇಲೆ, ಬರುವುದಕ್ಕೂ ಕೊಡುವುದಕ್ಕೂ ತಾಳೆಯಿಲ್ಲ, ಮೀಸಲು ದಿನದಿನವೂ ಕರಗುತ್ತಿದೆ, ಹೀಗೇ ನಡೆದರೆ ಕೆಲವೇ ವಾರಗಳ ಮಾತು, ಈ ಹಣವನ್ನು ಇಲ್ಲಿ ಇಡತಕ್ಕದ್ದಲ್ಲ ಎಂದು ಉತ್ತರ ಕೊಟ್ಟಿತು. ಜೊತೆಗೆ, ನಾಣ್ಯ ಡಾಲರಿಗೆ ಸಮವೆಂಬ ಮಾತಿಗೆ ಆಧಾರ ಯಾವುದು ಎಂದು ತಾನಾಗಿಯೇ ಕೇಳಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಾನು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಇಲ್ಲೊಂದು ಮಾತನ್ನು ಈ ಹೊಸ ವ್ಯವಹಾರದ ಪರವಾಗಿ ಹೇಳಲೇಬೇಕು. ಅತ್ತೆಯ ಕಂಪೆನಿಯ ಪುಸ್ತಕ ಕಬ್ಬಿಣದ ಕಪಾಟಿನಲ್ಲಿತ್ತು; ದೇವರಿಗೂ ಸಿಗುತ್ತಿರಲಿಲ್ಲ. ಆಂಕರಿನ ಲೆಕ್ಕವೋ ಬೀದಿಯಲ್ಲಿ ತೆರೆದಿಟ್ಟ ಪುಸ್ತಕ. ನಿಧಿ ಕರಗುತ್ತಿದ್ದುದು ಲೋಕದಲ್ಲಿ ಯಾರಿಗೆ ಬೇಕಾದರೂ ಕಾಣುತ್ತಿತ್ತು. ಕೆಲವರು ಎಚ್ಚರಿಸಿಯೂ ಇದ್ದರು. ಆದರೆ ಓದಬಲ್ಲವರು ಎಷ್ಟು ಜನ? ಉಳಿದವರು ನೋಡಿದ್ದು ರಂಗಸ್ಥಳದ ಕಿರೀಟವನ್ನು. ಯಕ್ಷಗಾನದಲ್ಲಿ ವೇಷದೊಳಗಿನ ಮನುಷ್ಯ ಯಾರೆಂದು ತಿಳಿಯಬೇಕಾದರೆ ಚೌಕಿಗೆ ಹೋಗಬೇಕು. ಇಲ್ಲಿ ಚೌಕಿಯ ಬಾಗಿಲು ತೆರೆದೇ ಇದೆ. ಒಳಗಿನ ಭಾಷೆ ಮಾತ್ರ ನಮಗೆ ಬಾರದು. ಯಂತ್ರಕ್ಕೆ ಬರುತ್ತದೆ. ಅದಕ್ಕೆ ಇಲ್ಲದ್ದು, ಒಳಗೆ ಹೋಗಿ ನೋಡಬೇಕೆಂಬ ಸಂಶಯ. 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಆರಂಭವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ತೆಗೆದಾಗ, ಅದನ್ನು ಹೊತ್ತು ನಡೆಸಿದ್ದು ಏಜೆಂಟರ ಕಾಲು ಮಾತ್ರವಲ್ಲ, ಕಣ್ಣು ಕೂಡ. ಮೀನು ಮಾರುವ ಹೆಂಗಸು ಎರಡು ದಿನ ಕಟ್ಟದಿದ್ದರೆ, ಮಗುವಿಗೆ ಜ್ವರವೋ ಗಂಡನ ಕುಡಿತವೋ ಎಂದು ಪಿಗ್ಮಿ ಏಜೆಂಟರಿಗೆ ತಿಳಿಯುತ್ತಿತ್ತು. ಅದನ್ನು ಯಾವ ಲೆಡ್ಜರಿನಲ್ಲೂ ಬರೆದಿರುತ್ತಿರಲಿಲ್ಲ. ಯಂತ್ರಕ್ಕೆ ಬರೆಯದೆ ಇದ್ದದ್ದು ಇಲ್ಲವೇ ಇಲ್ಲ. ಆದ್ದರಿಂದ ಸಂಶಯವನ್ನೂ ಬರೆದೇ ಕೊಡಬೇಕು.

ಎಲ್ಲರೂ ಒಂದೇ ದಿನ ಬಂದರೆ ಏನಾಗುತ್ತದೆ ಎಂಬುದು ಅಂಥ ಇನ್ನೊಂದು ಸಂಶಯ. ನಮ್ಮ ಕರಾವಳಿಯ ಶಾಖೆಗಳಲ್ಲಿ ಕೆಲಸ ಮಾಡಿದವರಿಗೆ ಜೂನ್ ತಿಂಗಳೆಂದರೆ ಏನೆಂದು ಗೊತ್ತು. ಮಳೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಕೈಯಲ್ಲಿ ದುಡಿಮೆಯಿಲ್ಲ. ಅದೇ ಹೊತ್ತಿಗೆ ಶಾಲೆ ಆರಂಭ, ಪುಸ್ತಕ, ಕೊಡೆ, ಸೋರುವ ಮಾಡಿಗೆ ಹೆಂಚು. ಪಿಗ್ಮಿ ಮುರಿಸಲು ಸಾಲು. ಅದಕ್ಕೆಂದೇ ಮೇ ಕೊನೆಗೆ ನಗದು ತರಿಸಿಡುತ್ತಿದ್ದೆವು. ಪ್ರೊಟೊಕಾಲಿನ ಕೊಳದಲ್ಲಿ 100ಕ್ಕೆ 95 ಸಾಲಕ್ಕೆ ಹೋಗಿದ್ದರೆ, ಠೇವಣಿದಾರರೆಲ್ಲ ಸೇರಿ ತೆಗೆಯಬಹುದಾದದ್ದು 5 ಮಾತ್ರ. ಹಣ ಮುಳುಗಿಲ್ಲ, ಆದರೆ ಇವತ್ತು ಸಿಗುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತವನಿಗೆ ಈ ಎರಡರ ನಡುವಿನ ವ್ಯತ್ಯಾಸ ಹೇಳಿ ಪ್ರಯೋಜನವಿಲ್ಲ. 2022ರಲ್ಲಿ ಈ ಠೇವಣಿಗಳಿಗೆಲ್ಲ ಇಆರ್‌ಸಿ-4626 ಎಂಬ ಒಂದೇ ನಮೂನೆ ಗೊತ್ತಾಯಿತು. ಅದರಲ್ಲಿ ‘ಈ ಕ್ಷಣ ಎಷ್ಟು ತೆಗೆಯಬಹುದು’ ಎಂದು ಕೇಳುವ ಕಿಟಕಿಯೂ ಒಂದುಂಟು. ಒಳ್ಳೆಯ ಏರ್ಪಾಡು. ಆದರೆ ಒಂದೇ ನಮೂನೆಯ ಪಾಸ್‌ಬುಕ್ ಕಂಡ ಯಂತ್ರ ಒಳಗಿನ ಸರಕೂ ಒಂದೇ ಎಂದು ತಿಳಿಯುವ ಅಪಾಯ ಅದರ ಬೆನ್ನಿಗೇ ಇದೆ.

ಬೆಲೆ ಹೇಳುವವರು ಯಾರು ಎಂಬುದನ್ನೂ ಬರೆಸಿದೆ. ಚಿನ್ನದ ಅಡವು ಸಾಲದಲ್ಲಿ ಒರೆಗಲ್ಲು ಹಿಡಿದ ಸರಾಫನ ಮಾತೇ ಕೊನೆ. ಅವನು ತಪ್ಪಿದರೆ ಬ್ಯಾಂಕಿನಲ್ಲಿ ಹಿತ್ತಾಳೆ ಉಳಿಯುತ್ತದೆ. ಡಿಫೈಯಲ್ಲಿ ಈ ಸರಾಫನಿಗೆ ಒರಾಕಲ್ ಎಂದು ಹೆಸರು. 2022ರ ಅಕ್ಟೋಬರಿನಲ್ಲಿ ಮ್ಯಾಂಗೋ ಮಾರ್ಕೆಟ್ಸ್ ಎಂಬಲ್ಲಿ ಒಬ್ಬ ಮನುಷ್ಯ ತಾನೇ ಕೊಂಡು ತಾನೇ ಮಾರಿ ಒಂದು ನಾಣ್ಯದ ಬೆಲೆಯನ್ನು ಉಬ್ಬಿಸಿ, ಆ ಉಬ್ಬಿದ ಬೆಲೆಯ ಮೇಲೆ 11 ಕೋಟಿ ಡಾಲರಿನಷ್ಟು ಎತ್ತಿಕೊಂಡು ಹೋದ. ಸರಾಫ ಸುಳ್ಳು ಹೇಳಲಿಲ್ಲ. ಕಂಡ ಬೆಲೆಯನ್ನೇ ಹೇಳಿದ.

ಇಷ್ಟೆಲ್ಲ ಆದ ಮೇಲೂ ನಷ್ಟವಾದರೆ ಕೇಳುವುದು ಯಾರಲ್ಲಿ? 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿದ ಮೇಲೆ ನಮ್ಮ ದೇಶದಲ್ಲಿ ಠೇವಣಿಗೆ ವಿಮೆ ಬಂತು; 1962ರ ಜನವರಿಯಲ್ಲಿ ಒಬ್ಬನಿಗೆ 1,500 ರೂಪಾಯಿ ಇದ್ದದ್ದು 2020ರಲ್ಲಿ 5 ಲಕ್ಷವಾಯಿತು. ಪ್ರೊಟೊಕಾಲಿನ ಕೊಳಕ್ಕೆ ಅಂಥ ಸರ್ಕಾರಿ ವಿಮೆಯಿಲ್ಲ. ಲಾಭ ಬಂದರೆ ಮಾತ್ರ ಸರ್ಕಾರ ಮರೆಯುವುದಿಲ್ಲ: ಇಂಥ ನಾಣ್ಯಗಳನ್ನು ಮಾರಿ ಬಂದ ಲಾಭಕ್ಕೆ 2022ರಿಂದ ನೂರಕ್ಕೆ 30 ತೆರಿಗೆ, ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ಇದನ್ನೂ ಯಂತ್ರದ ಪುಟದಲ್ಲಿ ಸೇರಿಸಿದ್ದಾಯಿತು.

ಹೋದ ವಾರ ಫೋನಿನಲ್ಲಿ ಮೊಮ್ಮಗಳ ದನಿ ಸಪ್ಪೆಯಾಗಿತ್ತು. ಅವಳು ಬರೆದ ಪುಟಗಳಲ್ಲಿ ಕೆಲವಕ್ಕೆ ‘ಬಡ್ಡಿ ಕೊಡುವವರು ಯಾರು’ ಎಂಬ ಕಾಲಮ್ಮಿನಲ್ಲಿ ‘ತಿಳಿದಿಲ್ಲ’ ಎಂದೇ ಉಳಿದಿದೆಯಂತೆ. ಅಂಥವನ್ನು ಯಂತ್ರ ಯಾರಿಗೂ ಹೇಳುವುದಿಲ್ಲ. ಆಸೆಯಿಂದ ಬಂದ ಗಿರಾಕಿ ಕಡಮೆ ದರ ನೋಡಿ ಎದ್ದುಹೋಗುತ್ತಾನೆ. ಮೇಲಿನವರು ಆ ಕಾಲಮ್ಮನ್ನು ತೆಗೆದುಬಿಟ್ಟರೆ ಹೇಗೆ ಎಂದು ಯೋಚಿಸುತ್ತಿದ್ದಾರೆ. ಬುಧವಾರ ಸಭೆ ಕರೆದಿದ್ದಾರೆ.

“ನೀನು ಏನು ಹೇಳುತ್ತಿ?” ಎಂದೆ.

“ಆ ಪರೀಕ್ಷೆಯ ಎರಡು ಉತ್ತರಗಳನ್ನೂ ಅಚ್ಚುಹಾಕಿಸಿ ಸಭೆಗೆ ಒಯ್ಯುತ್ತೇನೆ, ಅಜ್ಜಯ್ಯ. ನಿಮ್ಮ ಅತ್ತೆಯ ರಸೀದಿ ಒಂದಾದರೂ ಇದ್ದರೆ ಫೋಟೋ ತೆಗೆದು ಕಳಿಸಿ.”

ಪೆಟ್ಟಿಗೆ ಅಟ್ಟದ ಮೇಲಿದೆ. ಏಣಿ ಹಿಡಿಯಲು ಪಕ್ಕದ ಮನೆಯ ಹುಡುಗನಿಗೆ ಹೇಳಿಕಳಿಸಿದ್ದೇನೆ.